ಎರ್ವಿನ್ ಡೀವರ್ಟ್ ಮತ್ತು ಬೆಲೆ ಸೂಚ್ಯಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಚ್ಯಂಕದ ಪಾಠ ಮಾಡುವಾಗ, ತುಟ್ಟಿಭತ್ಯೆಯ ಮಾತು ಬಂದಾಗ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉತ್ತರ ಹೇಳುತ್ತಾ ಹೋದರೆ ಒಂದು ಹೆಸರು ಬಂದೇ ಬರುತ್ತದೆ. ಆ ಹೆಸರಿನಿಂದಲೇ ಶುರು ಮಾಡುತ್ತೇನೆ.

ಯಾರು ಈ ಎರ್ವಿನ್ ಡೀವರ್ಟ್?

ಕೆನಡಾದ ಅರ್ಥಶಾಸ್ತ್ರಜ್ಞ. 1941ರಲ್ಲಿ ವ್ಯಾಂಕೂವರ್‌ನಲ್ಲಿ ಹುಟ್ಟಿದರು. ಅದೇ ಊರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದರು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ 1969ರಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದರು. ಸ್ವಲ್ಪ ಕಾಲ ಶಿಕಾಗೊದಲ್ಲಿ ಪಾಠ ಮಾಡಿದರು. 1970ರಲ್ಲಿ ತಾವು ಓದಿದ ವಿಶ್ವವಿದ್ಯಾಲಯಕ್ಕೇ ಮೇಷ್ಟ್ರಾಗಿ ವಾಪಸ್ ಬಂದರು. ಮುಂದೆ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾದರು.

ಬೆಲೆ ಏರಿಕೆಯನ್ನು ಅಳೆಯುವುದು ಹೇಗೆ? ಸರಿಯಾಗಿ ಅಳೆದಿದ್ದೇವೆ ಎಂದು ಹೇಳುವುದು ಹೇಗೆ? ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಬರೆದದ್ದರಲ್ಲಿ ಬಹುಪಾಲು ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಸೂಚ್ಯಂಕ ಅಂದರೆ ಒಂದು ಸರಾಸರಿ ಅಷ್ಟೇ ಅಲ್ವಾ? ಅದಕ್ಕೆ ಇಡೀ ಜೀವನ ಬೇಕಾ?

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಮನೆಗೆ ತಿಂಗಳಿಗೆ 4 ಕಿಲೋ ತೊಗರಿಬೇಳೆ, 2 ಕಿಲೋ ಹೆಸರುಬೇಳೆ ಬೇಕು. ಎರಡೂ ಕಿಲೋಗೆ 100 ರೂಪಾಯಿ. ಒಟ್ಟು ಖರ್ಚು 600. ಮುಂದಿನ ವರ್ಷ ತೊಗರಿಬೇಳೆ 160 ಆಯಿತು, ಹೆಸರುಬೇಳೆ 100ರಲ್ಲೇ ನಿಂತಿತು. ಮನೆಯವರು ಏನು ಮಾಡುತ್ತಾರೆ? ಸಾರಿಗೆ ತೊಗರಿ ಕಡಿಮೆ ಹಾಕಿ ಹೆಸರು ಜಾಸ್ತಿ ಹಾಕುತ್ತಾರೆ. ಈಗ 2 ಕಿಲೋ ತೊಗರಿ, 4 ಕಿಲೋ ಹೆಸರು ಅಂದುಕೊಳ್ಳಿ.

ಬೆಲೆ ಎಷ್ಟು ಏರಿತು? ಹಳೆಯ ಚೀಟಿ ಹಿಡಿದು ಲೆಕ್ಕ ಹಾಕಿದರೆ, ಹಿಂದೆ 600 ಕೊಟ್ಟ ಬೇಳೆಗೆ ಈಗ 840 ಕೊಡಬೇಕು. ಏರಿಕೆ ಶೇ. 40. ಇದು ಜರ್ಮನಿಯ ಲಾಸ್ಪೇರ್ 1871ರಲ್ಲಿ ಹೇಳಿದ ದಾರಿ. ಹೊಸ ಚೀಟಿ ಹಿಡಿದರೆ ಈಗ 720 ಕೊಡುವ ಬೇಳೆಗೆ ಹಿಂದೆ 600 ಆಗುತ್ತಿತ್ತು. ಏರಿಕೆ ಶೇ. 20. ಇದು 1874ರಲ್ಲಿ ಪಾಶೆ ಹೇಳಿದ ದಾರಿ.

ಅದೇ ಅಂಗಡಿ, ಅದೇ ಮನೆ, ಅದೇ ಎರಡು ಬೇಳೆ. ಒಂದು ಸೂತ್ರ 40 ಅನ್ನುತ್ತದೆ, ಇನ್ನೊಂದು 20 ಅನ್ನುತ್ತದೆ. ಈ ಅಂಕಿಯ ಮೇಲೆ ಸಂಬಳ, ಪಿಂಚಣಿ, ಕನಿಷ್ಠ ಕೂಲಿ ನಿಂತಿರುವಾಗ ಇದನ್ನು ಸುಮ್ನೆ ಬಿಡಲು ಆಗುವುದಿಲ್ಲ.

ಹಾಗಾದರೆ 40 ಸರಿಯೋ, 20 ಸರಿಯೋ?

ಎರಡೂ ಪೂರ್ತಿ ಸರಿಯಲ್ಲ. ಹಳೆಯ ಚೀಟಿಯ ಲೆಕ್ಕದಲ್ಲಿ ಮನೆಯವರು ಜಾಣತನದಿಂದ ಬೇಳೆ ಬದಲಿಸಿದ್ದು ಕಾಣುವುದೇ ಇಲ್ಲ. ಹೊಸ ಚೀಟಿಯ ಲೆಕ್ಕದಲ್ಲಿ ಅವರಿಗೆ ಮೊದಲು ತೊಗರಿಯೇ ಇಷ್ಟ ಇತ್ತು ಅನ್ನುವುದು ಮರೆತುಹೋಗುತ್ತದೆ. ನಿಜ ಇವೆರಡರ ನಡುವೆ ಎಲ್ಲೋ ಇದೆ.

ಅಮೆರಿಕದ ಇರ್ವಿಂಗ್ ಫಿಶರ್ 1922ರಲ್ಲಿ ಒಂದು ದೊಡ್ಡ ಪುಸ್ತಕ ಬರೆದು ನೂರಕ್ಕೂ ಹೆಚ್ಚು ಸೂತ್ರಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು. ಕೊನೆಗೆ ಲಾಸ್ಪೇರ್ ಮತ್ತು ಪಾಶೆಯನ್ನು ಗುಣಿಸಿ ವರ್ಗಮೂಲ ತೆಗೆಯುವ ಸೂತ್ರವನ್ನು ‘ಆದರ್ಶ’ ಎಂದು ಕರೆದರು. ನಮ್ಮ ಬೇಳೆ ಲೆಕ್ಕಕ್ಕೆ 1.40 ಗುಣಿಸು 1.20, ಅದರ ವರ್ಗಮೂಲ. ಉತ್ತರ 1.296, ಅಂದರೆ ಹಿಂದಿನ 100ಕ್ಕೆ ಈಗ 129.6.

ದ್ವಿತೀಯ ಪಿಯು ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಗೊತ್ತು. ಟೈಮ್ ರಿವರ್ಸಲ್ ಟೆಸ್ಟ್ (ಎರಡು ವರ್ಷಗಳನ್ನು ಅದಲುಬದಲು ಮಾಡಿದರೆ ಉತ್ತರವೂ ತಲೆಕೆಳಗಾಗಬೇಕು), ಫ್ಯಾಕ್ಟರ್ ರಿವರ್ಸಲ್ ಟೆಸ್ಟ್ (ಬೆಲೆಯ ಏರಿಕೆ ಗುಣಿಸು ಪ್ರಮಾಣದ ಏರಿಕೆ, ಒಟ್ಟು ಖರ್ಚಿನ ಏರಿಕೆಗೆ ಸಮ ಇರಬೇಕು) ಎಂದು ಎರಡು ಪರೀಕ್ಷೆಗಳನ್ನೂ ಕಲಿತಿರುತ್ತಾರೆ. ನಾನೂ ಬಾಯಿಪಾಠ ಮಾಡಿ ಅಂಕ ತಗೊಂಡವನು. ಆದರೆ ವರ್ಗಮೂಲವೇ ಯಾಕೆ? ಬರೀ ಸರಾಸರಿ ತೆಗೆದರೆ 130 ಬರುತ್ತಿತ್ತಲ್ಲ? ಈ ಪ್ರಶ್ನೆ ವರ್ಷಗಟ್ಟಲೆ ನನ್ನ ತಲೆಯಲ್ಲಿ ಕೂತಿತ್ತು. ಅದಕ್ಕೆ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕಿದ್ದು ಡೀವರ್ಟ್ ಅವರ ಪ್ರಬಂಧದಲ್ಲಿ.

ಏನದು ಪ್ರಬಂಧ? ಅದರಲ್ಲಿ ಅಂಥದ್ದೇನಿದೆ?

1976ರಲ್ಲಿ ಜರ್ನಲ್ ಆಫ್ ಎಕನಾಮೆಟ್ರಿಕ್ಸ್‌ನಲ್ಲಿ ಬಂತು. ‘ಎಕ್ಸಾಕ್ಟ್ ಅಂಡ್ ಸೂಪರ್ಲೇಟಿವ್ ಇಂಡೆಕ್ಸ್ ನಂಬರ್ಸ್’ ಅದರ ಹೆಸರು. ಮೂವತ್ತು ಪುಟದ ಆಸುಪಾಸು. ಈ ವಿಷಯದಲ್ಲಿ ಕೆಲಸ ಮಾಡುವ ಯಾರೂ ಇದನ್ನು ದಾಟಿ ಹೋಗಲು ಆಗಿಲ್ಲ.

ಅದುವರೆಗೆ ಸೂತ್ರಗಳನ್ನು ಅಳೆಯುತ್ತಿದ್ದದ್ದು ಹೆಚ್ಚಾಗಿ ಪರೀಕ್ಷೆಗಳಿಂದ. ಬೆಲೆಗಳು ಏರಿಳಿದು ಮೊದಲಿನಂತಾದರೆ ಸೂಚ್ಯಂಕವೂ ಮೊದಲಿನ ಜಾಗಕ್ಕೆ ತಲುಪುತ್ತದಾ, ಕಿಲೋ ಬದಲು ಗ್ರಾಂ ಹಾಕಿದರೆ ಉತ್ತರ ಬದಲಾಗುತ್ತದಾ, ಇಂಥವು. ಡೀವರ್ಟ್ ಬೇರೆ ಕಡೆಯಿಂದ ಬಂದರು. ಕೊಳ್ಳುವ ಮನೆಯವರನ್ನು ನೋಡಿದರು. ಪ್ರತಿ ಸೂತ್ರದ ಹಿಂದೆಯೂ ‘ಜನ ಹೀಗೆ ಕೊಳ್ಳುತ್ತಾರೆ’ ಎಂಬ ಒಂದು ನಂಬಿಕೆ ಅಡಗಿರುತ್ತದೆ. ಲಾಸ್ಪೇರ್ ಸೂತ್ರ ಪೂರ್ತಿ ನಿಜವಾಗಬೇಕಾದರೆ ಜನ ಯಾವತ್ತೂ ಬೇಳೆ ಬದಲಿಸಬಾರದು. ತೊಗರಿ ಎಷ್ಟೇ ಏರಲಿ, 4 ಕಿಲೋಗೆ 2 ಕಿಲೋ ಎಂಬ ಪ್ರಮಾಣ ಬಿಡಬಾರದು. ಅಂಥ ಮನೆ ಎಲ್ಲಿದೆ?

ಒಂದು ಸೂತ್ರ ಒಂದು ಬಗೆಯ ಕೊಳ್ಳುವಿಕೆಗೆ ಸರಿಯಾಗಿ ಕೂತರೆ ಅದನ್ನು ‘ಎಕ್ಸಾಕ್ಟ್’ ಅಂದರು. ಆ ಬಗೆ ಯಾವ ರೀತಿಯ ಕೊಳ್ಳುವಿಕೆಯನ್ನಾದರೂ ಹತ್ತಿರದಿಂದ ಹಿಡಿಯುವಷ್ಟು ಬಾಗುವಂತಿದ್ದರೆ ಸೂತ್ರವನ್ನು ‘ಸೂಪರ್ಲೇಟಿವ್’ ಅಂದರು. ಫಿಶರ್ ಸೂತ್ರ ಈ ಗುಂಪಿಗೆ ಸೇರುತ್ತದೆ. ಫಿನ್ಲೆಂಡ್‌ನ ಟಾರ್ನ್‌ಕ್ವಿಸ್ಟ್ 1936ರಲ್ಲಿ ಕೊಟ್ಟ ಸೂತ್ರವೂ ಸೇರುತ್ತದೆ. ಅದರಲ್ಲಿ ಎರಡೂ ವರ್ಷದ ಖರ್ಚಿನ ಪಾಲುಗಳ ಸರಾಸರಿಯನ್ನು ತೂಕವಾಗಿ, ಅಂದರೆ ಯಾವ ವಸ್ತುವಿಗೆ ಲೆಕ್ಕದಲ್ಲಿ ಎಷ್ಟು ಮಹತ್ವ ಎಂಬ ಅಂಕಿಯಾಗಿ, ಬಳಸುತ್ತಾರೆ. ನಮ್ಮ ಬೇಳೆಗೆ ಹಾಕಿದರೆ 129.8 ಬರುತ್ತದೆ. ಫಿಶರ್ 129.6. ದಾರಿ ಬೇರೆ ಬೇರೆ, ತಲುಪಿದ್ದು ಅಕ್ಕಪಕ್ಕದ ಮನೆಗೆ. ಈ ಹತ್ತಿರ ಆಕಸ್ಮಿಕ ಅಲ್ಲ ಎಂದು 1978ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ತೋರಿಸಿದರು.

ವರ್ಗಮೂಲದ ಸೂತ್ರ ಹೀಗೆ ಬಾಗುವ ಕೊಳ್ಳುವಿಕೆಗೆ ಸರಿಯಾಗಿ ಕೂರುತ್ತದೆ ಎಂಬ ಗುಟ್ಟು ನನಗೆ ಸಿಕ್ಕಿದ್ದು 1976ರ ಆ ಪ್ರಬಂಧದಲ್ಲೇ. ಆ ಪುಟ ಓದಿದ ದಿನ ಹಳೆಯ ನೋಟ್‌ಬುಕ್ ತೆಗೆದು ಫಿಶರ್ ಸೂತ್ರವನ್ನು ಮತ್ತೆ ಬರೆದು ನೋಡಿದೆ.

ಇದೆಲ್ಲ ಅವರೇ ಮೊದಲು ಕಂಡದ್ದಾ?

ಇಲ್ಲ. ಅದನ್ನು ಅವರೇ ಎಲ್ಲ ಕಡೆ ಹೇಳಿದ್ದಾರೆ. ಜೀವನ ವೆಚ್ಚದ ಸೂಚ್ಯಂಕ ಎಂದರೇನು ಎಂದು 1924ರಲ್ಲೇ ರಷ್ಯಾದ ಕೊನ್ಯೂಸ್ ಬರೆದಿದ್ದರು. ಫಿಶರ್ ಸೂತ್ರ ಯಾವ ಬಗೆಯ ಕೊಳ್ಳುವಿಕೆಗೆ ಸರಿಹೋಗುತ್ತದೆ ಎಂದು ಅವರ ಜೊತೆಗಾರ ಬ್ಯುಶ್ಗೆನ್ಸ್ ತೋರಿಸಿದ್ದರು. ಬಹಳ ಕಾಲ ಈ ರಷ್ಯನ್ ಬರಹಗಳು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ. ‘ಸೂಪರ್ಲೇಟಿವ್’ ಎಂಬ ಪದ ಕೂಡ ಫಿಶರ್ ಅವರದೇ. ಯಾವುದು ಯಾರಿಂದ ಬಂತು ಎಂದು ಡೀವರ್ಟ್ ಹೆಸರು ಹಿಡಿದು ಹೇಳುತ್ತಾರೆ. ನೂರು, ಇನ್ನೂರು ವರ್ಷದ ಹಿಂದಿನವರಿಗೂ ಅವರ ಅಡಿಟಿಪ್ಪಣಿಗಳಲ್ಲಿ ಜಾಗ ಇದೆ. ನನಗೆ ಅವರಲ್ಲಿ ತುಂಬಾ ಇಷ್ಟವಾದ ಗುಣ ಇದು.

ಗಣಿತದ ಹುಡುಗ ಇಲ್ಲಿಗೆ ಹೇಗೆ ಬಂದರು?

ಬರ್ಕ್ಲಿಯಲ್ಲಿ ಅವರ ಪಿಎಚ್‌.ಡಿ. ಕೆಲಸ ಉತ್ಪಾದನೆ ಮತ್ತು ಬೇಡಿಕೆಯನ್ನು ಯಾವ ಆಕಾರದ ಸಮೀಕರಣದಲ್ಲಿ ಬರೆಯಬೇಕು ಎಂಬುದರ ಮೇಲೆ. ಮುಂದೆ ನೊಬೆಲ್ ಪಡೆದ ಡೇನಿಯಲ್ ಮೆಕ್‌ಫಾಡನ್ ಆಗ ಅಲ್ಲಿ ಪಾಠ ಮಾಡುತ್ತಿದ್ದರು. ‘ಡ್ಯುಯಾಲಿಟಿ’ ಎಂಬ ಗಣಿತದ ವಿಚಾರ ಅಲ್ಲಿ ಬಿಸಿಬಿಸಿಯಾಗಿ ಬೇಯುತ್ತಿದ್ದ ಕಾಲ ಅದು.

ಅದನ್ನು ಹೀಗೆ ಹೇಳಬಹುದು. ಒಂದು ಹೋಟೆಲಿನ ಅಡುಗೆಮನೆಗೆ ನಿಮ್ಮನ್ನು ಬಿಡುವುದಿಲ್ಲ. ಆದರೆ ಬೇರೆ ಬೇರೆ ದಿನ, ಬೇರೆ ಬೇರೆ ಬೆಲೆಯಲ್ಲಿ ಅವರು ತರಿಸಿದ ಸಾಮಾನಿನ ಬಿಲ್ಲುಗಳೆಲ್ಲ ನಿಮ್ಮ ಕೈಯಲ್ಲಿವೆ. ಬಿಲ್ಲು ನೋಡಿಯೇ ಅಡುಗೆಯ ವಿಧಾನ ಹೇಳಬಹುದು. ಖರ್ಚಿನ ಲೆಕ್ಕದಲ್ಲೇ ಉತ್ಪಾದನೆಯ ವಿಧಾನ ಪೂರ್ತಿ ಅಡಗಿದೆ. 1971ರಲ್ಲಿ ಅವರು ಈ ದಾರಿಯಲ್ಲಿ ‘ಜನರಲೈಸ್ಡ್ ಲಿಯೊಂಟಿಫ್’ ಎಂಬ ಬಾಗುವ ಸಮೀಕರಣ ಕೊಟ್ಟರು. 1976ರ ಕೆಲಸಕ್ಕೆ ಬೇಕಾದ ಹತಾರವೆಲ್ಲ ಅದರಲ್ಲೇ ಸಿದ್ಧವಾಗಿತ್ತು.

ಪ್ರಬಂಧ ಬರೆದರೆ ಸರ್ಕಾರಿ ಕಚೇರಿಯಲ್ಲಿ ಏನಾದರೂ ಬದಲಾಗುತ್ತದಾ?

ಇಲ್ಲಿ ಬದಲಾಯಿತು. ನಿಧಾನವಾಗಿ. ಅಮೆರಿಕ 1996ರಲ್ಲಿ ಜಿಡಿಪಿ ಬೆಳವಣಿಗೆಯ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಸರಪಳಿಯಂತೆ ಜೋಡಿಸುವ ಫಿಶರ್ ಸೂತ್ರಕ್ಕೆ ಬದಲಿಸಿತು. ಕಾರಣ ಮುಖ್ಯವಾಗಿ ಕಂಪ್ಯೂಟರ್. ಅದರ ಬೆಲೆ ಬೀಳುತ್ತಲೇ ಇತ್ತು. ಹಳೆಯ ವರ್ಷದ ದುಬಾರಿ ಬೆಲೆಯಲ್ಲಿ ಹೊಸ ಕಂಪ್ಯೂಟರುಗಳನ್ನು ಎಣಿಸಿದರೆ ಬೆಳವಣಿಗೆ ಇರುವುದಕ್ಕಿಂತ ಜಾಸ್ತಿ ಕಾಣುತ್ತಿತ್ತು. 2002ರಿಂದ ಅಲ್ಲಿ ಟಾರ್ನ್‌ಕ್ವಿಸ್ಟ್ ಸೂತ್ರದ ಗ್ರಾಹಕ ಬೆಲೆ ಸೂಚ್ಯಂಕವೂ ಬರುತ್ತಿದೆ. 2018ರಿಂದ ಅಲ್ಲಿನ ಆದಾಯ ತೆರಿಗೆಯ ಹಂತಗಳು ಆ ಸೂಚ್ಯಂಕದ ಮೇಲೆಯೇ ಏರುತ್ತವೆ.

2004ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಐಎಂಎಫ್, ವಿಶ್ವಬ್ಯಾಂಕ್ ಮೊದಲಾದವು ಸೇರಿ ಗ್ರಾಹಕ ಬೆಲೆ ಸೂಚ್ಯಂಕದ ಕೈಪಿಡಿ ತಂದವು. ಅದರ ಸಿದ್ಧಾಂತದ ಅಧ್ಯಾಯಗಳಲ್ಲಿ ಹೆಚ್ಚಿನವು ಡೀವರ್ಟ್ ಬರೆದವು. ಎಷ್ಟೋ ದೇಶಗಳ ಅಂಕಿಅಂಶ ಇಲಾಖೆಗಳ ಮೇಜಿನ ಮೇಲೆ ಇರುವ ಪುಸ್ತಕ ಅದು.

ಸೂತ್ರ ತಪ್ಪಿದರೆ ಆಗುವ ಅನಾಹುತಕ್ಕೆ ಒಂದು ಸರಳ ಉದಾಹರಣೆ ಕೊಡಿ.

ಟೊಮೆಟೊ ಕಿಲೋಗೆ 20, ಈರುಳ್ಳಿ 40. ಮುಂದಿನ ತಿಂಗಳು ಟೊಮೆಟೊ 40, ಈರುಳ್ಳಿ 20. ಮೂರನೇ ತಿಂಗಳು ಮತ್ತೆ ಮೊದಲಿನ ಹಾಗೆ. ನಮ್ಮ ಸಂತೆಯಲ್ಲಿ ನಡೆಯುವಂಥದ್ದೇ.

ಒಂದೊಂದು ವಸ್ತುವಿನ ಏರಿಕೆಯ ಪಟ್ಟು ಕಂಡುಹಿಡಿದು ಮಾಮೂಲಿ ಸರಾಸರಿ ತೆಗೆಯಿರಿ. ಮೊದಲ ಸಲ 2 ಪಟ್ಟು ಮತ್ತು ಅರ್ಧ ಪಟ್ಟು, ಸರಾಸರಿ 1.25. ಎರಡನೇ ಸಲ ಅರ್ಧ ಮತ್ತು 2, ಮತ್ತೆ 1.25. ಎರಡನ್ನೂ ಗುಣಿಸಿದರೆ 1.5625. ಬೆಲೆಗಳು ಶುರುವಾದ ಜಾಗಕ್ಕೇ ಬಂದಿವೆ. ಸೂಚ್ಯಂಕ ಮಾತ್ರ ಶೇ. 56 ಏರಿಕೆ ತೋರಿಸುತ್ತಿದೆ! ಇದು 1764ರಲ್ಲಿ ಇಟಲಿಯ ಕಾರ್ಲಿ ಬಳಸಿದ ಸೂತ್ರ. ಅದೇ ಅಂಕಿಗಳಿಗೆ ಗುಣೋತ್ತರ ಸರಾಸರಿ, ಅಂದರೆ ಬ್ರಿಟನ್ನಿನ ಜೆವೊನ್ಸ್ ಅವರ ಸೂತ್ರ ಹಾಕಿ. 2 ಗುಣಿಸು ಅರ್ಧ, ವರ್ಗಮೂಲ 1. ಏರಿಕೆ ಸೊನ್ನೆ. ಕಣ್ಣಿಗೆ ಕಾಣುವುದೂ ಅದೇ.

ಬ್ರಿಟನ್ನಿನ ಹಳೆಯ ಚಿಲ್ಲರೆ ಬೆಲೆ ಸೂಚ್ಯಂಕದ ಒಳಗೆ ಕಾರ್ಲಿ ಸೂತ್ರ ಕೂತಿತ್ತು. 2012ರಲ್ಲಿ ಅಲ್ಲಿನ ಅಂಕಿಅಂಶ ಕಚೇರಿಗಾಗಿ ಡೀವರ್ಟ್ ವರದಿ ಬರೆದು ಇದನ್ನು ಬಿಡಬೇಕು ಎಂದರು. 2013ರಲ್ಲಿ ಆ ಸೂಚ್ಯಂಕ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮಾನ್ಯತೆ ಕಳೆದುಕೊಂಡಿತು. ಆದರೂ ಪೂರ್ತಿ ನಿಂತಿಲ್ಲ. ಸರ್ಕಾರದ ಸಾಲಪತ್ರಗಳು ಅದಕ್ಕೆ ಕಟ್ಟಿಕೊಂಡಿವೆ. ಸೂತ್ರ ಬದಲಾದರೆ ಒಬ್ಬರ ಜೇಬಿನ ಹಣ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ಗಲಾಟೆ ಆಗದೆ ಇರುತ್ತಾ?

ಭಾರತದಲ್ಲಿ ಯಾವ ಸೂತ್ರ?

2012 ಮೂಲ ವರ್ಷದ (ಬೆಲೆಯನ್ನು 100 ಎಂದು ಹಿಡಿಯುವ ವರ್ಷ) ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಕೆಳಹಂತಕ್ಕೆ, ಅಂದರೆ ಒಂದೇ ವಸ್ತುವಿಗೆ ಬೇರೆ ಬೇರೆ ಅಂಗಡಿಯಲ್ಲಿ ಸಿಕ್ಕ ಬೆಲೆಗಳನ್ನು ಸೇರಿಸುವಾಗ, ಗುಣೋತ್ತರ ಸರಾಸರಿ ತಂದರು. ಹಾಗಾಗಿ ಸಂತೆಯ ಟೊಮೆಟೊ ಈರುಳ್ಳಿಯಲ್ಲಿ ಕಂಡಂಥ ತೊಂದರೆ ಅಲ್ಲಿ ಇಲ್ಲ. ಮೇಲಿನ ಹಂತದಲ್ಲಿ, ಅಂದರೆ ಎಲ್ಲ ವಸ್ತುಗಳನ್ನು ಸೇರಿಸುವಾಗ, ಲಾಸ್ಪೇರ್ ಬಗೆಯ ಲೆಕ್ಕ. ತೂಕಗಳು 2011-12ರ ಮನೆ ಖರ್ಚಿನ ಸಮೀಕ್ಷೆಯವು. ಆಹಾರ ಮತ್ತು ಪಾನೀಯಕ್ಕೆ ಶೇ. 45.86 ತೂಕ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ತೂಕ ಬಳಸಿದರು. ಅಷ್ಟರಲ್ಲಿ ಮನೆಮನೆಗೆ ಸ್ಮಾರ್ಟ್‌ಫೋನ್ ಬಂತು, ಡೇಟಾ ಖರ್ಚು ಬಂತು, ಊಟದ ಪಾಲು ಇಳಿಯಿತು. ತೂಕವನ್ನು ಬೇಗ ಬೇಗ ಬದಲಿಸಬೇಕು ಎಂದು ನಾನು ಎಲ್ಲರಲ್ಲೂ ಹೇಳುತ್ತಲೇ ಇರುತ್ತೇನೆ.

ತುಟ್ಟಿಭತ್ಯೆಗೆ ಬಳಸುವುದು ಇನ್ನೊಂದು ಸೂಚ್ಯಂಕ. ಕೈಗಾರಿಕಾ ಕಾರ್ಮಿಕರದು, ಲೇಬರ್ ಬ್ಯೂರೋ ಕೊಡುವುದು. ಅದರ ಮೂಲ ವರ್ಷ 2001ರಿಂದ 2016ಕ್ಕೆ ಬದಲಾದಾಗ ಹಳೆಯದಕ್ಕೂ ಹೊಸದಕ್ಕೂ 2.88 ಎಂಬ ಜೋಡಣೆ ಅಂಕಿ ಕೊಟ್ಟರು; ಹೊಸ ಸೂಚ್ಯಂಕವನ್ನು ಇದರಿಂದ ಗುಣಿಸಿದರೆ ಹಳೆಯದರ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಮೈಸೂರು, ಬೆಳಗಾವಿಯ ಅಂಗಡಿಗಳ ಬೆಲೆಯೂ ಅದರಲ್ಲಿ ಸೇರುತ್ತದೆ. ‘ಎರಡು ಪಾಯಿಂಟ್ ಏರಿದೆಯಂತೆ’ ಎಂದು ಕಚೇರಿಗಳಲ್ಲಿ ಮಾತಾಡುವುದು ಇದನ್ನೇ.

ನಮ್ಮ ಕಡೆ ಇಂಥ ಅಳತೆಯ ಕೆಲಸ ಮಾಡಿದವರು?

ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಇದ್ದಾರೆ. ಅವರದು ಸೂಚ್ಯಂಕದ ಸಿದ್ಧಾಂತ ಅಲ್ಲ, ರಾಷ್ಟ್ರೀಯ ಆದಾಯದ ಅಳತೆ. ಬ್ರಿಟಿಷ್ ಭಾರತದ 1931-32ರ ಆದಾಯವನ್ನು ಲೆಕ್ಕ ಹಾಕಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದರು. ಅವರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಈಗ ಎಲ್ಲ ಅಂಗಡಿಯಲ್ಲೂ ಬಾರ್‌ಕೋಡ್ ಇದೆ. ಅಳತೆ ಸುಲಭ ಆಗಿರಬೇಕಲ್ಲ?

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಪ್ರತಿ ವಾರ ಯಾವ ಸಾಮಾನು ಎಷ್ಟು ಮಾರಾಟವಾಯಿತು, ಯಾವ ಬೆಲೆಗೆ ಎಂದು ಕೈಯಲ್ಲೇ ಇದೆ. ಸೂಪರ್ಲೇಟಿವ್ ಸೂತ್ರ ಹಾಕಿ ವಾರದಿಂದ ವಾರಕ್ಕೆ ಸರಪಳಿ ಜೋಡಿಸಿದರೆ ಮುಗಿಯಿತು ಅಂತ.

ಮುಗಿಯಲಿಲ್ಲ. ಎಣ್ಣೆ ಪ್ಯಾಕೆಟ್ 100 ರೂಪಾಯಿ, ವಾರಕ್ಕೆ 10 ಮಾರಾಟ. ಪಕ್ಕದಲ್ಲಿ ಸೋಪಿನ ಪುಡಿಯೂ 100, ಅದೂ 10. ಒಂದು ವಾರ ಎಣ್ಣೆಗೆ ಅರ್ಧ ಬೆಲೆಯ ಆಫರ್. ಜನ 60 ಪ್ಯಾಕೆಟ್ ಹೊತ್ತುಕೊಂಡು ಹೋದರು. ಮರುವಾರ ಬೆಲೆ ಮತ್ತೆ 100. ಆದರೆ ಮನೆಯಲ್ಲಿ ಎಣ್ಣೆ ತುಂಬಿದೆ, ಮಾರಾಟ ಬರೀ 2. ಅದರ ಮರುವಾರ ಎಲ್ಲ ಮೊದಲಿನಂತೆ. ಟಾರ್ನ್‌ಕ್ವಿಸ್ಟ್ ಸರಪಳಿ ಹಾಕಿದರೆ 100 ಬರಬೇಕಾದ ಕಡೆ 89 ಬರುತ್ತದೆ. ಬೆಲೆ ಇಳಿದಾಗ ಎಣ್ಣೆಯ ತೂಕ ಜಾಸ್ತಿ ಇತ್ತು, ಏರಿದಾಗ ಕಡಿಮೆ ಇತ್ತು. ಹಾಗಾಗಿ ಇಳಿದಷ್ಟು ಏರಲಿಲ್ಲ. ಇದಕ್ಕೆ ‘ಚೈನ್ ಡ್ರಿಫ್ಟ್’ ಎನ್ನುತ್ತಾರೆ. ವಾರ ವಾರ ಇದೇ ನಡೆದರೆ ಸೂಚ್ಯಂಕ ಪಾತಾಳಕ್ಕೆ ಇಳಿಯುತ್ತದೆ.

ಲೊರೇನ್ ಇವಾನ್ಸಿಕ್, ಕೆವಿನ್ ಫಾಕ್ಸ್ ಜೊತೆ ಸೇರಿ 2011ರಲ್ಲಿ ಡೀವರ್ಟ್ ಇದಕ್ಕೆ ದಾರಿ ತೋರಿಸಿದರು. ದೇಶ ದೇಶಗಳ ಬೆಲೆ ಹೋಲಿಸಲು ಒಂದು ಹಳೆಯ ವಿಧಾನ ಇತ್ತು. ಪ್ರತಿ ದೇಶವನ್ನೂ ಉಳಿದೆಲ್ಲ ದೇಶಗಳ ಜೊತೆ ಹೋಲಿಸಿ ಗುಣೋತ್ತರ ಸರಾಸರಿ ತೆಗೆಯುವುದು. ದೇಶಗಳ ಜಾಗದಲ್ಲಿ ತಿಂಗಳುಗಳನ್ನು ಇಟ್ಟರು. ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯ ಒಂದು ‘ಕಿಟಕಿ’ ಇಟ್ಟುಕೊಂಡು, ಹೊಸ ತಿಂಗಳು ಬಂದಂತೆ ಅದನ್ನು ಮುಂದಕ್ಕೆ ಸರಿಸುತ್ತಾ ಹೋಗುವುದು. 2017ರ ಕೊನೆಯಿಂದ ಆಸ್ಟ್ರೇಲಿಯಾ ತನ್ನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಇದೇ ಬಗೆಯ ವಿಧಾನ ಬಳಸುತ್ತಿದೆ. ತಾವೇ ಎತ್ತಿಹಿಡಿದ ಸೂತ್ರ ಸರಪಳಿಯಲ್ಲಿ ಎಡವಿದ್ದನ್ನು ಮುಚ್ಚಿಡದೆ ರಿಪೇರಿಗೆ ಕೂತರು ಅಲ್ವಾ, ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಅವರನ್ನು ಒಪ್ಪದವರು ಇಲ್ಲವೇ?

ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. 2006ರಲ್ಲಿ ರಾಬರ್ಟ್ ಹಿಲ್ ಎಲ್ಲ ಸೂಪರ್ಲೇಟಿವ್ ಸೂತ್ರಗಳೂ ಹತ್ತಿರ ಹತ್ತಿರ ಇರುವುದಿಲ್ಲ ಎಂದು ತೋರಿಸಿದರು. ಆ ಕುಟುಂಬದಲ್ಲಿ ಎಣಿಸಲಾರದಷ್ಟು ಸೂತ್ರಗಳಿವೆ, ಕೆಲವು ಬಹಳ ದೂರ ಹೋಗುತ್ತವೆ. ಫಿಶರ್, ಟಾರ್ನ್‌ಕ್ವಿಸ್ಟ್‌ನಂಥ ಕೆಲವು ಮಾತ್ರ ಚೆನ್ನಾಗಿ ನಡೆದುಕೊಳ್ಳುತ್ತವೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವ ಆಕ್ಷೇಪ ಇನ್ನೊಂದು. ಈ ಸಿದ್ಧಾಂತದ ಸರಳ ರೂಪದಲ್ಲಿ ಬಡವರ ಬುಟ್ಟಿಯೂ ಶ್ರೀಮಂತರ ಬುಟ್ಟಿಯೂ ಒಂದೇ ಆಕಾರ, ಗಾತ್ರ ಮಾತ್ರ ಬೇರೆ. ಕೂಲಿ ಮಾಡುವ ಮನೆಯಲ್ಲಿ ಅಕ್ಕಿ ಎಣ್ಣೆಗೆ ಹೋಗುವ ಪಾಲು ಎಷ್ಟು, ದೊಡ್ಡ ಸಂಬಳದ ಮನೆಯಲ್ಲಿ ಎಷ್ಟು? ಅಡುಗೆ ಎಣ್ಣೆ ಏರಿದಾಗ ಇಬ್ಬರಿಗೂ ಒಂದೇ ಸೂಚ್ಯಂಕ ಸಾಲದು.

ಬೆಲೆ ಬಿಟ್ಟು ಬೇರೆ ಏನನ್ನು ಅಳೆದರು?

ಉತ್ಪಾದಕತೆಯನ್ನು, ಅಂದರೆ ಹಾಕಿದ ಶ್ರಮ, ಸಾಮಾನಿಗೆ ಎಷ್ಟು ಉತ್ಪನ್ನ ಬಂತು ಎಂಬುದನ್ನು. 1982ರಲ್ಲಿ ಕೇವ್ಸ್ ಮತ್ತು ಕ್ರಿಸ್ಟೆನ್ಸನ್ ಜೊತೆ ಬರೆದ ಪ್ರಬಂಧ ಆ ವಿಷಯಕ್ಕೆ ಅಡಿಪಾಯ. ಮನೆಗಳ ಬೆಲೆಯನ್ನೂ ಅಳೆದರು. ಮನೆ ಎಂದರೆ ಜಾಗ ಮತ್ತು ಕಟ್ಟಡ. ಕಟ್ಟಡ ಹಳೆಯದಾಗುತ್ತಾ ಬೆಲೆ ಕಳೆದುಕೊಳ್ಳುತ್ತದೆ, ಜಾಗ ಏರುತ್ತದೆ. ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ಅಳೆಯುವ ವಿಧಾನವನ್ನು ನೆದರ್ಲೆಂಡ್ಸ್‌ನ ಒಂದು ಸಣ್ಣ ಪಟ್ಟಣದ ಮೇಲೆ, ಆಮೇಲೆ ಟೋಕಿಯೊ ಮೇಲೆ ಪ್ರಯೋಗಿಸಿದರು.

2020ರ ಲಾಕ್‌ಡೌನ್ ಬಂದಾಗ ಫಾಕ್ಸ್ ಜೊತೆ ಇನ್ನೊಂದು ಪ್ರಶ್ನೆ ಎತ್ತಿಕೊಂಡರು. ಸಿನಿಮಾ ಥಿಯೇಟರ್ ಮುಚ್ಚಿದೆ, ವಿಮಾನ ಇಲ್ಲ. ಸಿಗದೇ ಇರುವ ವಸ್ತುವಿನ ಬೆಲೆ ಎಷ್ಟು? ಕಚೇರಿಗಳು ಹಳೆಯ ಬೆಲೆಯನ್ನೇ ಮುಂದುವರಿಸಿ ಬರೆದುಕೊಂಡವು. ಆದರೆ ಎಷ್ಟು ಕೊಟ್ಟರೂ ಸಿಗುವುದಿಲ್ಲ ಎಂದರೆ ಕೊಳ್ಳುವವನ ಮಟ್ಟಿಗೆ ಬೆಲೆ ತುಂಬಾ ಏರಿದ ಹಾಗೆ. ಹಾಗಾಗಿ ಆಗಿನ ಸೂಚ್ಯಂಕ ಜನರ ಕಷ್ಟವನ್ನು ಕಡಿಮೆ ತೋರಿಸುತ್ತದೆ ಎಂದರು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದಾ?

ಖಂಡಿತ. ಮಕ್ಕಳ ಕೈಲೂ ಮಾಡಿಸಿ. ಎರಡು ತಿಂಗಳ ದಿನಸಿ ಚೀಟಿ ಸಾಕು. ಎರಡರಲ್ಲೂ ಇರುವ ಹತ್ತು ಸಾಮಾನು ಆರಿಸಿ, ಬೆಲೆ ಮತ್ತು ಪ್ರಮಾಣ ಬರೆದುಕೊಳ್ಳಿ. ಹಳೆಯ ಪ್ರಮಾಣ ಹಿಡಿದು ಒಂದು ಸಲ, ಹೊಸ ಪ್ರಮಾಣ ಹಿಡಿದು ಒಂದು ಸಲ ಲೆಕ್ಕ ಹಾಕಿ. ಗುಣಿಸಿ ವರ್ಗಮೂಲ ತೆಗೆಯಿರಿ.

ಒಂದು ಎಚ್ಚರ ಇರಲಿ. ಒಂದೇ ವರ್ಷದ ಎರಡು ತಿಂಗಳು ತಗೊಂಡರೆ ಋತುವಿನ ಸಾಮಾನು ಲೆಕ್ಕ ಕೆಡಿಸುತ್ತದೆ. ಮೇ ತಿಂಗಳ ಮಾವಿನಹಣ್ಣು ನವೆಂಬರಿನಲ್ಲಿ ಸಿಗುವುದೇ ಇಲ್ಲ, ಗಣೇಶನ ಹಬ್ಬದ ತಿಂಗಳಲ್ಲಿ ಬೆಲ್ಲ, ತೆಂಗಿನಕಾಯಿ ಎಲ್ಲ ಜಾಸ್ತಿ. ಡೀವರ್ಟ್ ಕೈಪಿಡಿಯಲ್ಲಿ ಇದಕ್ಕೇ ಒಂದು ಅಧ್ಯಾಯ ಬರೆದಿದ್ದಾರೆ. ಅವರ ಸಲಹೆ ಸರಳ. ಈ ವರ್ಷದ ಮೇ ತಿಂಗಳನ್ನು ಹೋದ ವರ್ಷದ ಮೇ ಜೊತೆ ಹೋಲಿಸಿ. ಹಬ್ಬಗಳು ಪಂಚಾಂಗದ ಪ್ರಕಾರ ಹಿಂದೆ ಮುಂದೆ ಆಗುವುದರಿಂದ ನಮ್ಮಲ್ಲಿ ಇನ್ನೂ ಒಂದು ಕೆಲಸ ಇದೆ. ಹೋದ ವರ್ಷ ಗಣೇಶನ ಹಬ್ಬ ಆಗಸ್ಟಿನಲ್ಲಿ ಬಂದು ಈ ವರ್ಷ ಸೆಪ್ಟೆಂಬರಿನಲ್ಲಿ ಬಂದಿದ್ದರೆ ಆ ಎರಡೂ ತಿಂಗಳ ಚೀಟಿಗಳನ್ನು ಒಟ್ಟಿಗೆ ಸೇರಿಸಿಕೊಂಡು ಲೆಕ್ಕ ಶುರು ಮಾಡಿ.